ರಸ್ತೆಯ ಮೇಲೆ ಜೋಡಿ ಎಳೆ

ಸೈಕಲ್ ನಿಲ್ಲಿಸುವ ಜಾಗಕ್ಕಾಗಿ ಪುರಸಭೆಯವರನ್ನು ವರ್ಷಗಟ್ಟಲೆ ಕಾಡಿದ ನಮ್ಮ ಬಾಯಿಯವರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಅವರು ಸೈಕಲ್ಲನ್ನು ಕೈಯಿಂದ ಮುಟ್ಟಿದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಮೊದಲು ಕಂಡ ದಿನವಂತೂ ಅವರು ಉದ್ದನೆಯ ಬಿದಿರು ಕೋಲು ಹಿಡಿದು ನನ್ನ ಸೈಕಲ್ಲನ್ನು ತಮ್ಮ ಗೋಡೆಯಿಂದ ದೂರ ತಳ್ಳುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಹೆಸರು ನಾಲ್ಕು ಜನರ ಬಾಯಲ್ಲಿ ಬರುವುದು ಅವರಿಗೆ ಸೇರುತ್ತಿರಲಿಲ್ಲ, ಸತ್ತ ಮೇಲೂ ಬೈಸಿಕೊಳ್ಳಲು ನನಗೆ ಮನಸ್ಸಿಲ್ಲ. ಊರಿನ ಹೆಸರು ಹೇಳಿದರೂ ಗುರುತು ಹತ್ತಿಬಿಡುತ್ತದೆ. ವಾಡಿ, ಚಿತ್ತಾಪುರ, ಸೇಡಂ ಈ ಸುತ್ತಿನ ಒಂದು ಊರು ಅಂದರೆ ಸಾಕು. ನಮ್ಮ ಕಡೆ ಆಚಾರ್ಯರ ಮನೆಗಳ ಹಿರಿಯ ಹೆಂಗಸರನ್ನು ಬಾಯಿಯವರು ಎನ್ನುವುದು ರೂಢಿ. ಅಂಥ ಬಾಯಿಯವರು ಊರಲ್ಲಿ ಹತ್ತಾರು ಜನ ಇದ್ದರೂ, ಸೈಕಲ್ ತರುವ ಹುಡುಗಿಯರು ಬರಿದೇ 'ಬಾಯಿಯವರು' ಅಂದರೆ ಇವರೊಬ್ಬರೇ.

ಬಸ್ ಸ್ಟ್ಯಾಂಡಿನ ಎದುರಿನ ರಸ್ತೆಯಲ್ಲಿ ಅವರ ಮನೆ. ಮುಂದೆ ಫರಸಿ ಕಲ್ಲಿನ ಕಟ್ಟೆ, ಕಟ್ಟೆಯ ಪಕ್ಕ ಸುಣ್ಣ ಬಳಿದ ಉದ್ದನೆಯ ಗೋಡೆ. ಸುತ್ತಲಿನ ಹಳ್ಳಿಗಳಿಂದ ಸೈಕಲ್ ಮೇಲೆ ಬಂದು, ಕಲಬುರಗಿಗೆ ಬಸ್ ಹಿಡಿದು ಕಾಲೇಜಿಗೆ ಹೋಗುವ ಹುಡುಗಿಯರಿಗೆ ಸೈಕಲ್ ಒರಗಿಸಲು ಆ ಗೋಡೆಗಿಂತ ಒಳ್ಳೆಯ ಜಾಗವಿರಲಿಲ್ಲ. ನಾನೂ ಅವರಲ್ಲಿ ಒಬ್ಬಳು. ಎಂಟನೇ ಕ್ಲಾಸಿನಲ್ಲಿ ಸರಕಾರ ಕೊಟ್ಟ ಸೈಕಲ್ಲೇ ನನ್ನನ್ನು ಡಿಗ್ರಿಯವರೆಗೂ ಹೊತ್ತಿತು. ನಮ್ಮೂರಿಗೆ ಬಸ್ಸು ಇತ್ತು, ಆದರೆ ಅದು ತನಗೆ ತಿಳಿದಾಗ ಬರುವ ಬಸ್ಸು. ಸೈಕಲ್ ಇಲ್ಲದಿದ್ದರೆ ನನಗೆ ಕಾಲೇಜಿಲ್ಲ.

ಮೊದಲ ದಿನ ಸಂಜೆ ನಾನು ಬಸ್ಸಿಳಿದು ಬಂದಾಗ ಬಾಯಿಯವರ ಕೈಯಲ್ಲಿ ಇದ್ದದ್ದು ಮಡಿಕೋಲು. ಮಡಿಯ ಸೀರೆಯನ್ನು ಕೈ ತಾಗದ ಹಾಗೆ ಎತ್ತರದ ಹಗ್ಗದ ಮೇಲೆ ಹಾಕುವ ಕೋಲು ಅದು. ಅದರ ತುದಿಯಿಂದ ಅವರು ನನ್ನ ಸೈಕಲ್ಲನ್ನು ಮೆಲ್ಲಗೆ ಆಚೆ ಸರಿಸಲು ಹೋದರು. ಅದು ಪಕ್ಕದ್ದರ ಮೇಲೆ ಬಿತ್ತು, ಪಕ್ಕದ್ದು ಅದರ ಪಕ್ಕದ್ದರ ಮೇಲೆ. ಗೋಡೆಯುದ್ದಕ್ಕೂ ಇದ್ದ ಸೈಕಲ್ಲುಗಳೆಲ್ಲ ಧಡಧಡ ಸದ್ದು ಮಾಡುತ್ತ ಮಲಗಿಬಿಟ್ಟವು. ಎದುರಿನ ಬಟ್ಟೆ ಅಂಗಡಿಯಿಂದ ಜನ ಹೊರಗೆ ಬಂದು ನೋಡಿದರು. ಬಾಯಿಯವರು ಕೋಲು ಹಿಡಿದು ನಿಂತೇ ಇದ್ದರು, ಮುಖದ ಮೇಲೆ ಒಂದಿಷ್ಟೂ ಅಪರಾಧಿ ಭಾವವಿಲ್ಲ. ನಾನು ನನ್ನ ಸೈಕಲ್ ಎತ್ತುವಾಗ, ಗಾಡಿಗೆ ಬೆಲ್ ಇಲ್ಲ, ಸ್ಟ್ಯಾಂಡ್ ನೆಟ್ಟಗಿಲ್ಲ, ಹಿಂಗ ಮಂದಿ ಗೋಡೆ ನಂಬಿ ಊರಿಗೆ ಬರುವುದೇ ಎಂದು ಕೇಳಿದರು.

ಅಂದಿನಿಂದ ನನ್ನ ಹೆಸರು 'ಬೆಲ್ ಇಲ್ಲದಾಕಿ' ಎಂದಾಯಿತು. ಅವರು ಯಾವ ಹುಡುಗಿಯ ನಿಜ ಹೆಸರನ್ನೂ ಕೇಳಲಿಲ್ಲ. ಒಬ್ಬಳು ಕೆಂಪು ಸೀಟಿನಾಕಿ, ಒಬ್ಬಳು ಬುಟ್ಟಿಯಾಕಿ, ಇನ್ನೊಬ್ಬಳು ಚೈನ್ ಬೀಳಾಕಿ. ಹೆಸರು ಕೇಳಿದರೆ ಮನೆತನ ಗೊತ್ತಾಗುತ್ತದೆ, ಮನೆತನ ಗೊತ್ತಾದರೆ ಎಲ್ಲಿಯವರೆಗೆ ಬರಗೊಡಬೇಕು ಎಂಬ ಲೆಕ್ಕ ಶುರುವಾಗುತ್ತದೆ. ಅದಕ್ಕೇ ಕೇಳುತ್ತಿರಲಿಲ್ಲವೇನೋ ಎಂದು ನನಗೆ ಈಗ ಅನಿಸುತ್ತದೆ. ಆಗ ಮಾತ್ರ ಸಿಟ್ಟು ಬರುತ್ತಿತ್ತು.

ಸೈಕಲ್ ಬಿದ್ದ ಆ ದಿನದ ನಂತರ ಬಾಯಿಯವರು ಕೆಲವು ದಿನ ಕಟ್ಟೆಯ ಮೇಲೆ ಕೂತು ಬರೀ ನೋಡಿದರಂತೆ. ಇದನ್ನು ಹೇಳಿದವರು ಅವರ ಯಜಮಾನರು, ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದು ನಿವೃತ್ತರಾದ ಮೆತ್ತನೆಯ ಮನುಷ್ಯ. ಗೋಡೆಗೆ ಸೈಕಲ್ ತಾಗಬಾರದು, ಹುಡುಗಿಯರೂ ತಿರುಗಿ ಹೋಗಬಾರದು. ಹಾಗಿದ್ದರೆ ಸೈಕಲ್ ನಿಲ್ಲಬೇಕಾದದ್ದು ಗೋಡೆಗೊರಗಿ ಅಲ್ಲ, ರಸ್ತೆಯ ಅಂಚಿನಲ್ಲಿ. ಆದರೆ ಅಲ್ಲಿ ಬಟ್ಟೆ ಅಂಗಡಿಯವರ ಕಾರು ನಿಲ್ಲುತ್ತಿತ್ತು, ಅದು ಹೋದರೆ ಟೆಂಪೋ ಬರುತ್ತಿತ್ತು. ಒಂದು ಬೆಳಿಗ್ಗೆ ಬಾಯಿಯವರು ಮಡಿಕೋಲನ್ನು ರಸ್ತೆಯ ಮೇಲೆ ಮಲಗಿಸಿ ಅಳೆದರು. ಒಂದು ಕೋಲಿನ ಉದ್ದಕ್ಕೆ ಎಷ್ಟು ಸೈಕಲ್ ಎಂದು ಲೆಕ್ಕ ಹಾಕಿದರು. ಆಮೇಲೆ ದಿನದ ಹಾಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟವರು ಅಲ್ಲಿಗೇ ನಿಲ್ಲಲಿಲ್ಲ. ಬಟ್ಟಲು ಹಿಡಿದು ರಸ್ತೆಗೆ ಇಳಿದು, ಅಂಚಿನುದ್ದಕ್ಕೂ ಸೈಕಲ್ಲಿಗೊಂದು ಮನೆ ಎಂಬಂತೆ ಬೆಳ್ಳಗೆ ಗೆರೆ ಎಳೆದುಬಿಟ್ಟರು.

ನಾವು ಹುಡುಗಿಯರು ಬಂದು ನೋಡಿ ದಂಗಾದೆವು. ರಂಗೋಲಿಯ ಮೇಲೆ ಸೈಕಲ್ ಹತ್ತಿಸುವುದು ಹೇಗೆ? ನಾನು ಗೋಡೆಯ ಕಡೆಗೇ ತಿರುಗಿಸಿದೆ. ಬಾಯಿಯವರು ಕಟ್ಟೆಯ ಮೇಲಿನಿಂದ ಕೋಲು ಚಾಚಿದರು.

"ಅಲ್ಲಲ್ಲ, ಬೆಲ್ ಇಲ್ಲದಾಕಿ. ಎಳಿ ತುಳೀಬ್ಯಾಡ, ಎರಡು ಎಳಿ ನಡುವ ನಿಲ್ಲಸು. ನಿಮ್ಮ ಸಲುವಾಗೇ ಹಾಕೀನಿ."

ಪ್ರತಿ ಗೆರೆಯೂ ಜೋಡಿ ಎಳೆಯದು. ಒಂದೇ ಎಳೆ ಸಾಕಾಗುತ್ತಿತ್ತಲ್ಲ, ಪುಡಿಯೂ ಉಳಿಯುತ್ತಿತ್ತು ಎಂದು ನಾನೊಮ್ಮೆ ಕೇಳಿದ್ದೆ. ಒಂಟಿ ಎಳೆ ಹಾಕುವುದು ಅಶುಭ, ಶುಭದ ರಂಗೋಲಿ ಯಾವಾಗಲೂ ಜೋಡಿ ಎಳೆ ಎಂದರು. ಸೈಕಲ್ಲಿಗೆ ಎಂಥ ಶುಭ ಅಶುಭ ಎಂದದ್ದಕ್ಕೆ, ಸೈಕಲ್ಲಿಗೆ ಇಲ್ಲದಿರಬಹುದು, ಅದನ್ನು ಹತ್ತಿ ಮನೆಗೆ ಹೋಗುವವರಿಗೆ ಇದೆಯಲ್ಲ ಖೋಡಿ, ಎಂದು ಬೈದರು.

ಆ ಎಳೆಗಳು ಮಾಡಿದ ಕೆಲಸವನ್ನು ಯಾವ ಬೋರ್ಡೂ ಮಾಡುತ್ತಿರಲಿಲ್ಲ. 'ಇಲ್ಲಿ ವಾಹನ ನಿಲ್ಲಿಸಬಾರದು' ಎಂದು ಬರೆದ ಗೋಡೆಯ ಕೆಳಗೇ ಗಾಡಿ ನಿಲ್ಲಿಸುವ ಜನ ನಾವು. ಆದರೆ ಬೆಳ್ಳಂಬೆಳಿಗ್ಗೆ ವಯಸ್ಸಾದ ಹೆಣ್ಣುಮಗಳೊಬ್ಬಳು ಸೊಂಟ ಬಗ್ಗಿಸಿ ಬಿಟ್ಟ ರಂಗೋಲಿಯ ಮೇಲೆ ಟಯರು ಹತ್ತಿಸಲು ಯಾರಿಗೂ ಮನಸ್ಸು ಬರಲಿಲ್ಲ. ಟೆಂಪೋದವರು ಮುಂದೆ ಹೋಗಿ ನಿಲ್ಲಿಸಿದರು. ಕಸ ಗುಡಿಸುವವರು ಅಷ್ಟು ಜಾಗ ಬಿಟ್ಟು ಗುಡಿಸಿದರು. ಏನೋ ಹರಕೆ ಇರಬೇಕೆಂದು ತಿಳಿದು, ಬಸ್ಸಿಗೆ ಬಂದ ಹಳ್ಳಿಯ ಹೆಂಗಸರು ಕೆಲವರು ಅಲ್ಲಿ ಚಪ್ಪಲಿ ಕಳಚಿ ಕೈಮುಗಿದು ಹೋದದ್ದೂ ಉಂಟು. ಬಾಯಿಯವರು ಅವರಿಗೆ ಏನೂ ಹೇಳಲಿಲ್ಲ. ಸೈಕಲ್ಲಿಗೆ ಕೈಮುಗಿದರೆ ಯಾರಿಗೇನು ನಷ್ಟ ಎನ್ನುತ್ತಿದ್ದರು.

ಬಟ್ಟೆ ಅಂಗಡಿಯವರು ಮಾತ್ರ ಮೊದಲಿಗೆ ನಕ್ಕರು. ಒಂದು ದಿನ ಎಳೆಗಳ ಮೇಲೆಯೇ ಕಾರು ತಂದು ನಿಲ್ಲಿಸಿದರು. ಕಾರಿನಲ್ಲಿದ್ದ ಅವರ ತಾಯಿ ಬಾಗಿಲು ತೆಗೆದು ಕಾಲು ಕೆಳಗಿಡಲು ಹೋಗಿ, ರಂಗೋಲಿ ಕಂಡು, ಕಾಲು ಒಳಗೆ ಎಳೆದುಕೊಂಡರು. ಗಾಡಿ ಹಿಂದಕ್ಕೆ ತೆಗೆ, ಇಲ್ಲದಿದ್ದರೆ ನಾನು ಇಲ್ಲೇ ಕೂತಿರುತ್ತೇನೆ ಎಂದು ಮಗನಿಗೆ ಹೇಳಿದರು. ಅಂಗಡಿಯ ಮುಂದೆ ತಾಯಿಯ ಜೊತೆ ವಾದ ಮಾಡುವುದು ಯಾವ ವ್ಯಾಪಾರಿಗೆ ಆದೀತು? ಕಾರು ಹಿಂದೆ ಹೋಯಿತು. ಬಾಯಿಯವರು ಕಟ್ಟೆಯಿಂದ ಇದನ್ನೆಲ್ಲ ನೋಡಿ, ಹೂಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಇಷ್ಟೆಲ್ಲ ಮಾಡಿದರೂ ಅವರ ಮನೆಯೊಳಗೆ ನಮಗೆ ಪ್ರವೇಶವಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿಳಿದು ಬಂದರೆ ಕಟ್ಟೆಯ ಮೇಲೆ ನೀರಿನ ತಂಬಿಗೆ ಇರುತ್ತಿತ್ತು, ತಣ್ಣಗಿರುತ್ತಿತ್ತು. ಎತ್ತಿ ಕುಡಿದು, ತೊಳೆದು, ಬೋರಲು ಹಾಕಬೇಕು. ಕಟ್ಟೆಯೇ ಗಡಿ. ನಮ್ಮ ಮನೆಯಲ್ಲಿ ಬುದ್ಧನ ಪಟವಿತ್ತು, ಅಪ್ಪ ಫರಸಿ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ಆ ಕಟ್ಟೆಯ ಕಲ್ಲು ಕಡಿದದ್ದು ನಮ್ಮಂಥವರೇ ಎಂದು ನಾನು ಮನಸ್ಸಿನಲ್ಲೇ ಜಗಳವಾಡುತ್ತ ನೀರು ಕುಡಿಯುತ್ತಿದ್ದೆ. ನೀರು ಮಾತ್ರ ಒಂದು ದಿನವೂ ತಪ್ಪಲಿಲ್ಲ. ರಂಗೋಲಿಯ ಹಿತ್ತಾಳೆ ಬಟ್ಟಲಂತೂ ದೇವರ ಮುಂದಿನದು. ಒಮ್ಮೆ ಅವರ ಸೊಂಟ ಹಿಡಿದಿದ್ದಾಗ, ಕೊಡ್ರಿ, ನಾವು ಎಳೀತೀವಿ ಎಂದು ಕೆಂಪು ಸೀಟಿನಾಕಿ ಕೈ ಚಾಚಿದಳು. ಬಾಯಿಯವರು ಬಟ್ಟಲನ್ನು ಎದೆಗೆ ಒತ್ತಿಕೊಂಡು ಬೇಡ ಎಂದರು. ಸಿಟ್ಟಿನಿಂದಲ್ಲ, ಎಳೆಯ ಮಗುವನ್ನು ಅಪರಿಚಿತರ ಕೈಗೆ ಕೊಡದವರ ಹಾಗೆ.

ಹಾಗಂತ ಕಲ್ಲು ಮನಸ್ಸಿನವರೇ ಎಂದರೆ, ಒಂದು ಸಂಜೆ ಬಂದು ನೋಡಿದರೆ ನನ್ನ ಸೈಕಲ್ಲಿಗೆ ಹೊಸ ಬೆಲ್ ಕೂತಿತ್ತು. ಪಂಕ್ಚರ್ ಅಂಗಡಿಯವರನ್ನು ಕರೆಸಿ ಹಾಕಿಸಿದ್ದರು. ಏಕೆಂದು ಕೇಳಿದರೆ, ಸುಮ್ಮನೆ ಬಂದು ನಿಂತರೆ ತಮಗೆ ಗೊತ್ತಾಗುವುದಿಲ್ಲ, ಬೆಲ್ ಹೊಡೆದು ಬಂದರೆ ಎಷ್ಟು ಜನ ಬಂದರೆಂಬ ಅಂದಾಜಾದರೂ ಸಿಗುತ್ತದೆ ಎಂದರು. ಬೆಲ್ ಬಂದ ಮೇಲೂ ನನ್ನ ಹೆಸರು ಬೆಲ್ ಇಲ್ಲದಾಕಿಯೇ.

ನಾನು ಎರಡನೇ ವರ್ಷದಲ್ಲಿದ್ದಾಗ ಸೇಡಂನಲ್ಲಿದ್ದ ಅವರ ಭಾವನವರು, ಯಜಮಾನರ ಅಣ್ಣ, ತೀರಿಕೊಂಡರು. ಬಾಯಿಯವರ ಮನೆಗೆ ಸೂತಕ ಬಂತು. ಸೂತಕದ ಹತ್ತು ದಿನ ಬಾಗಿಲಿಗೆ ರಂಗೋಲಿ ಹಾಕುವಂತಿಲ್ಲ, ಬಟ್ಟಲು ಮುಟ್ಟುವಂತಿಲ್ಲ. ಬಾಗಿಲಿನ ಜೊತೆ ರಸ್ತೆಯೂ ಬರಿದಾಯಿತು. ಎರಡು ದಿನ ಕಳೆಯುವುದರೊಳಗೆ ಕಾರು ಬಂದು ಹಳೆಯ ಜಾಗದಲ್ಲಿ ನಿಂತಿತು, ಅದರ ಹಿಂದೆ ಟೆಂಪೋ. ರಂಗೋಲಿ ಇಲ್ಲದ ರಸ್ತೆ ಬರೀ ರಸ್ತೆ, ಅದರ ಮೇಲೆ ಎಲ್ಲರಿಗೂ ಹಕ್ಕು. ನಾವು ಸೈಕಲ್ಲುಗಳನ್ನು ಗಟಾರದ ಅಂಚಿಗೆ ಒತ್ತಿ ನಿಲ್ಲಿಸಿದೆವು. ನನ್ನದನ್ನು ಯಾರೋ ಸರಿಸಲು ಹೋಗಿ ಗಟಾರಕ್ಕೆ ಬೀಳಿಸಿದರು, ಮುಂದಿನ ಚಕ್ರ ಡೊಂಕಾಯಿತು. ಅಪ್ಪ ಖಣಿ ಬಿಟ್ಟು ಬಂದು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಊರಿಗೆ ನಡೆದರು. ಮನೆಗೆ ಬಂದು ಸೈಕಲ್ ಇಳಿಸಿ, ಕಾಲೇಜು ಸಾಕು ಎಂದರು. ಅಪ್ಪ ಕೆಟ್ಟವರಲ್ಲ, ಅವರಿಗೆ ಹೆದರಿಕೆಯಾಗಿತ್ತು. ಸೈಕಲ್ಲಿಗೆ ಜಾಗ ಕೊಡದ ಊರು ಮಗಳಿಗೆ ಏನು ಕೊಟ್ಟೀತು ಎಂಬ ಹೆದರಿಕೆ.

ನಾನು ಮನೆಯಲ್ಲಿ ಕೂತೆ. ನನ್ನ ಬದುಕಿನಲ್ಲಿ ಅಷ್ಟು ಅತ್ತ ದಿನಗಳು ಮತ್ತೆ ಬಂದಿಲ್ಲ.

ಸೂತಕ ಕಳೆದ ಮೇಲೆ ಬಾಯಿಯವರು ಹುಡುಗಿಯರನ್ನು ಎಣಿಸಿ, ಬೆಲ್ ಇಲ್ಲದಾಕಿ ಎಲ್ಲಿ ಎಂದು ಕೇಳಿದರಂತೆ. ವಿಷಯ ತಿಳಿದು, ಅಪ್ಪ ಒಮ್ಮೆ ಬಂದು ಹೋಗಬೇಕೆಂದು ಬುಟ್ಟಿಯಾಕಿಯ ಕೈಲಿ ಹೇಳಿ ಕಳಿಸಿದರು. ಅಪ್ಪ ಹೋದರು, ರಿಪೇರಿಯಾದ ಸೈಕಲ್ ತಳ್ಳಿಕೊಂಡು ನಾನೂ ಹಿಂದೆ ಹೋದೆ. ಅಪ್ಪ ರೂಢಿಯಂತೆ ಕಟ್ಟೆಯಿಂದ ದೂರವೇ ನಿಂತರು.

"ಹೆಂಗ ಕಳಸಲಿ ಬಾಯಾರ? ಗಾಡಿ ನಿಲ್ಲಸಾಕ ಜಾಗಾನೇ ಇಲ್ಲ ಇಲ್ಲಿ," ಎಂದರು.

ಬಾಯಿಯವರು ಕಟ್ಟೆ ಇಳಿದು ಬಂದರು. ಕೈಯಲ್ಲಿ ಕೋಲಿರಲಿಲ್ಲ. ನನ್ನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು, ಓಲಾಡುತ್ತ, ಆ ಸೈಕಲ್ಲನ್ನು ತಾವೇ ತಳ್ಳಿಕೊಂಡು ಬಾಗಿಲು ದಾಟಿ ಒಳಗಿನ ಅಂಗಳಕ್ಕೆ ಹೋದರು. ತುಳಸಿಕಟ್ಟೆಯ ಆಚೆ ಗೋಡೆಗೆ, ಸೈಕಲ್ ತಾಗಬಾರದೆಂದು ಅಷ್ಟು ಜಗಳವಾಡಿದವರ ಒಳಗಿನ ಗೋಡೆಗೆ, ಅದನ್ನು ಒರಗಿಸಿ ಹೊರಗೆ ಬಂದರು.

"ರಸ್ತಾದ ಮ್ಯಾಲ ಜಾಗಾ ಆಗೋತನಾ ಇಲ್ಲೇ ಇರತದ. ಸೈಕಲ್ ಚಿಂತಿ ನನಗ ಬಿಡ್ರಿ. ಹುಡುಗಿನ್ನ ಮಾತ್ರ ನಿಲ್ಲಸಬ್ಯಾಡ್ರಿ."

ನನಗಿಂತ ಮೊದಲು ನನ್ನ ಸೈಕಲ್ ಅವರ ಮನೆಯೊಳಗೆ ಹೋಯಿತು. ಆಗ ನಗು ಬಂದಿತ್ತು. ಊರಿನ ಎಲ್ಲ ಕೊಳೆ ತುಳಿದು ಬಂದ ಆ ಚಕ್ರಗಳು ನಿಂತ ಅಂಗಳವನ್ನು ಅವರು ದಿನಾ ಸಂಜೆ ನಾನು ಹೋದ ಮೇಲೆ ನೀರು ಸುರಿದು ತೊಳೆಯುತ್ತಿದ್ದರಂತೆ. ಸೊಂಟ ನೋವಿದ್ದರೂ ಸೊಸೆಗೆ ಬಿಡುತ್ತಿರಲಿಲ್ಲ, ತಂದವಳು ನಾನು ತಾನೇ ಎನ್ನುತ್ತಿದ್ದರಂತೆ. ತಮ್ಮ ಮಡಿಯನ್ನು ಅವರು ಬಿಡಲಿಲ್ಲ. ಅದರ ದುಡಿತವನ್ನು ಮಾತ್ರ ನನ್ನ ಮೇಲೆ ಹಾಕದೆ ತಾವೇ ಹೊತ್ತರು. ನಾನು ಮರುದಿನದಿಂದ ಕಾಲೇಜಿಗೆ ಹೋದೆ.

ರಸ್ತೆಯ ಜಾಗ ಮರಳಿ ಸಿಗಲು ತಿಂಗಳುಗಳೇ ಬೇಕಾದವು. ಕಾರು ಬೆಳಿಗ್ಗೆ ಯಾವಾಗ ಹೊರಗೆ ಹೋಗುತ್ತದೆ ಎಂದು ಕಾದು, ಹೋದ ಕೂಡಲೇ ಬಟ್ಟಲು ಹಿಡಿದು ಇಳಿಯುತ್ತಿದ್ದರು. ಆದರೆ ಆ ಸೂತಕ ಅವರಿಗೆ ಒಂದು ಪಾಠ ಕಲಿಸಿತ್ತು. ರಂಗೋಲಿಯನ್ನು ನಂಬಿ ಕೂತರೆ ಆಗುವುದಿಲ್ಲ, ಮಳೆ ಬಂದರೆ ಹೋಗುತ್ತದೆ, ಮನೆಯಲ್ಲಿ ಸಾವಾದರೆ ನಿಲ್ಲುತ್ತದೆ. ಅಳಿಸದ ಹಾಗೆ ಪುರಸಭೆಯವರೇ ಬರೆಯಬೇಕು.

ಅಲ್ಲಿಂದ ಅರ್ಜಿಗಳು ಶುರುವಾದವು. ಬಾಯಿಯವರು ಹೂಬತ್ತಿ ಹೊಸೆಯುತ್ತ ಹೇಳುವುದು, ಯಜಮಾನರು ಕೋರ್ಟಿನ ಕನ್ನಡದಲ್ಲಿ ಬರೆಯುವುದು. 'ಸದರಿ ರಸ್ತೆಯ ಪೂರ್ವ ಅಂಚಿನಲ್ಲಿ' ಎಂದು ಅವರು ಶುರುಮಾಡಿದರೆ ಬಾಯಿಯವರಿಗೆ ತಾಳ್ಮೆ ಹೋಗುತ್ತಿತ್ತು. ಸದರಿ ಗಿದರಿ ಬ್ಯಾಡ, ಬಾಯಿಯವರ ಮನೆ ಮುಂದ ಅಂತ ಬರೀರಿ, ಎಲ್ಲರಿಗೂ ಗೊತ್ತದ ಎನ್ನುತ್ತಿದ್ದರು. ಕಚೇರಿಗೂ ತಾವೇ ಹೋಗುತ್ತಿದ್ದರು. ಅಳತೆ ಕೇಳಿದರೆ ಮಡಿಕೋಲಿನ ಲೆಕ್ಕ ಹೇಳುತ್ತಿದ್ದರು. ಅಲ್ಲಿನ ಇಂಜಿನಿಯರ್ ಸಾಹೇಬರು, ಕೋಲೆಂದರೆ ಎಷ್ಟು ಅಡಿ ಎಂದು ಕೇಳಿದಾಗ, ಮುಂದಿನ ಸಲ ಕೋಲನ್ನೇ ಹೊತ್ತುಕೊಂಡು ಹೋಗಿ ಅವರ ಮೇಜಿಗೆ ಆನಿಸಿ ನಿಲ್ಲಿಸಿದರು. ಸಾಹೇಬರು ಟೇಪು ಹಿಡಿಯಲು ಬಂದಾಗ, ದೂರದಿಂದ ಹಿಡೀರಿ, ಕೋಲು ಮುಟ್ಟಬ್ಯಾಡ್ರಿ ಎಂದರಂತೆ.

ಬಸ್ ಸ್ಟ್ಯಾಂಡಿನ ಹಿಂದೆ ಖಾಲಿ ಜಾಗವಿದೆ, ಅಲ್ಲಿ ತಗಡಿನ ಚಪ್ಪರ ಹಾಕಿಸಿ ಸೈಕಲ್ ಸ್ಟ್ಯಾಂಡ್ ಮಾಡೋಣ ಎಂದು ಸಾಹೇಬರು ಒಂದು ದಾರಿ ತೋರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಬಾಯಿಯವರು ಹೋಗಿ ಆ ಜಾಗ ನೋಡಿ ಬಂದು, ಒಪ್ಪಲಿಲ್ಲ.

"ಹಿಂದ ಬ್ಯಾಡ್ರಿ. ಸಂಜಿಗೆ ಅಲ್ಲಿ ಕತ್ತಲಾಗತದ. ಸೈಕಲ್ ನಿಲ್ಲೋ ಜಾಗಾ ನಾಕು ಮಂದಿ ಓಡಾಡೋ ಹಾದ್ಯಾಗೇ ಇರಬೇಕು. ಸೈಕಲ್ ತಗೋಳಾಕ ಬರೋ ಹುಡುಗಿ ಅಂಜಬಾರದು, ನೋಡ್ರಿ."

ಆ ಮಾತು ಆಡಿದ ದಿನ ನಾನೂ ಅಲ್ಲಿದ್ದೆ. ಸಂಜೆ ಬಸ್ ತಡವಾದ ದಿನಗಳಲ್ಲೆಲ್ಲ ಬಾಯಿಯವರು ಕಟ್ಟೆಯ ಮೇಲೆ ಏಕೆ ಕೂತಿರುತ್ತಿದ್ದರು ಎಂಬುದು ಆಗ ನನಗೆ ತಿಳಿಯಿತು. ಗಾಳಿಗೆ ಕೂತಿದ್ದೇನೆ ಎನ್ನುತ್ತಿದ್ದರು. ಚಳಿಗಾಲದಲ್ಲೂ.

ಇನ್ನೊಂದು ಬೇಡಿಕೆ ಸೈಕಲ್ ಒರಗಿಸುವ ಕಬ್ಬಿಣದ ಕಮಾನಿನದು. ಮುಂದಿನ ಚಕ್ರ ಸಿಕ್ಕಿಸುವ ಸ್ಟ್ಯಾಂಡ್ ಅವರಿಗೆ ಬೇಡವಾಗಿತ್ತು, ಅದರಲ್ಲಿ ಚಕ್ರ ಡೊಂಕಾಗುವುದನ್ನು ನೋಡಿದ್ದರು. ಮನುಷ್ಯನ ಕುತ್ತಿಗೆ ಹಿಡಿದು ನಿಲ್ಲಿಸಿದರೆ ನಿಂತಾನೆಯೇ, ಆಸರೆ ಸೊಂಟಕ್ಕೆ ಬೇಕು ಎಂದು ತಮ್ಮ ಸೊಂಟದ ಮೇಲೆ ಕೈಯಿಟ್ಟು ತೋರಿಸುತ್ತಿದ್ದರು. ಸೈಕಲ್ಲಿನ ಸೊಂಟ ಎಲ್ಲಿ ಬರುತ್ತದೆಂದು ಸಾಹೇಬರಿಗೆ ತಿಳಿಯಿತೋ ಇಲ್ಲವೋ, ಬರೆದುಕೊಂಡಂತೂ ಬರೆದುಕೊಂಡರು.

ಇಷ್ಟೇಕೆ ಹಟ ಎಂದು ನಾನೊಮ್ಮೆ ಕೇಳಿದ್ದೇನೆ. ಗೋಡೆ ಕೆಡುತ್ತಿತ್ತು, ಅದಕ್ಕೆ ಎಂದರು. ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಸಿಗಲಿಲ್ಲ.

ನಾನು ಓದು ಮುಗಿಸಿ ಸೇಡಂನಲ್ಲಿ ಹೈಸ್ಕೂಲ್ ಟೀಚರ್ ಆದೆ. ಬಾಯಿಯವರ ಊರಿನಲ್ಲೇ ಮನೆ ಮಾಡಿ, ದಿನಾ ಬಸ್ಸಿಗೆ ಓಡಾಡತೊಡಗಿದೆ. ಮೊದಲ ಸಂಬಳಗಳಲ್ಲಿ ಉಳಿಸಿ ಸ್ಕೂಟಿ ಕೊಂಡೆ. ಹೊಸ ಸ್ಕೂಟಿಯನ್ನು ಬಾಯಿಯವರಿಗೆ ತೋರಿಸಬೇಕೆಂಬ ಹೆಮ್ಮೆಯಿಂದ ಹೋಗಿ ಎಳೆಗಳ ನಡುವೆ, ನನ್ನ ಹಳೆಯ ಜಾಗದಲ್ಲಿ ನಿಲ್ಲಿಸಿದೆ. ಅವರು ಸ್ಕೂಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಚಂದ ಅದ ಎಂದರು. ಆಮೇಲೆ ಕೋಲಿನ ತುದಿಯಿಂದ ಅದರ ಚಕ್ರ ತಟ್ಟಿ, ಪೆಟ್ರೋಲ್ ಕುಡಿಯೋ ಗಾಡಿಗೆ ಇಲ್ಲಿ ಜಾಗಾ ಇಲ್ಲ, ಆಕಡೆ ನಿಲ್ಲಸಿ ಬಾ ಎಂದರು. ನಾನು ಟೀಚರ್ ಆಗಿದ್ದೇನೆಂದು ಹೇಳಿದೆ. ಟೀಚರ್ ಆದ ಮೇಲೆ ಎಳೆ ತುಳಿಯಬಾರದೆಂಬುದು ಇನ್ನೂ ಚೆನ್ನಾಗಿ ಗೊತ್ತಿರಬೇಕು ಎಂದರು. ನನ್ನ ಆ ಜಾಗದಲ್ಲಿ ಆಗಲೇ ಬೇರೊಬ್ಬ ಹುಡುಗಿಯ ಸೈಕಲ್ ನಿಲ್ಲುತ್ತಿತ್ತು, ಅವಳಿಗೂ ಏನೋ ಒಂದು ಹೆಸರಿಟ್ಟಾಗಿತ್ತು.

ವರ್ಷಗಳು ಹೋದವು. ಅಂತೂ ಆ ರಸ್ತೆಗೆ ಹೊಸ ಡಾಂಬರು ಬಿತ್ತು. ಇನ್ನು ಅಂಚಿನಲ್ಲಿ ಬಿಳಿ ಪಟ್ಟಿ ಹೊಡೆಯುತ್ತಾರೆ, ಅಂಗಡಿಗಳ ಮುಂದೆ ಕಾರಿಗೆ, ಬೈಕಿಗೆ ಜಾಗ ಗುರುತು ಮಾಡುತ್ತಾರೆ ಎಂದು ಸುದ್ದಿಯಾಯಿತು. ಬಾಯಿಯವರು ಮತ್ತೆ ಕಚೇರಿಗೆ ಹೋದರು. ಈ ಸಲ ಸಾಹೇಬರು ಅವರಿಗೆ ಕುರ್ಚಿ ಕೊಟ್ಟು ಕೂಡಿಸಿ ಒಂದು ಮಾತು ಕೊಟ್ಟರು. ಪಟ್ಟಿ ಹೊಡೆಯುವ ದಿನ ಎಲ್ಲಿ ಏನು ನಿಂತಿರುತ್ತದೋ ಅಲ್ಲಿ ಅದಕ್ಕೇ ಬರೆಸುತ್ತೇನೆ, ನಿಮ್ಮ ಸೈಕಲ್ ನಿಂತಿದ್ದರೆ ಸೈಕಲ್ಲಿಗೆ. ಯಾವ ದಿನವೆಂದು ಮಾತ್ರ ಹೇಳಲಾಗುವುದಿಲ್ಲ, ಪೇಂಟಿನವರು ಬಂದಾಗ ಬಂದಂತೆ. ಅಂದಿನಿಂದ ಬಾಯಿಯವರು ಒಂದು ಬೆಳಿಗ್ಗೆಯನ್ನೂ ಬಿಡಲಿಲ್ಲ. ಜ್ವರದಲ್ಲೂ ಎದ್ದು ಎಳೆ ಎಳೆದರು. ಒಂದು ದಿನ ಹಾಗೆ ಬಗ್ಗಿದವರು ಮೇಲೇಳಲಿಲ್ಲ. ಸೊಸೆ, ಯಜಮಾನರು ಸೇರಿ ಎತ್ತಿ ಒಳಗೆ ಮಲಗಿಸಿದರು. ಬಟ್ಟಲು ಸೊಸೆಯ ಕೈಗೆ ಹೋಯಿತು.

ನೋಡಲು ಹೋದಾಗ ನಾನು ಎಂದಿನಂತೆ ಕಟ್ಟೆಯ ಹತ್ತಿರ ನಿಂತೆ. ಒಳಗಿನಿಂದ ಸಣ್ಣ ದನಿ ಬಂತು. ಒಳಗ ಬಾ ಎಂದರು. ನನಗಲ್ಲವೇನೋ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ಅಂಗಳ, ತುಳಸಿಕಟ್ಟೆ, ನನ್ನ ಸೈಕಲ್ ಒರಗಿದ್ದ ಗೋಡೆ ಎಲ್ಲ ದಾಟಿ, ಅವರ ಮಂಚದ ಹತ್ತಿರ ಹೋದೆ. ಕುಂದ್ರು ಎಂದರು, ಕೂತೆ.

"ನಾ ಹೋದ್ನಂದ್ರ ಇವರಿಗೆಲ್ಲ ಹತ್ತು ದಿನ ಸೂತಕ. ಬಟ್ಟಲಾ ಮುಟ್ಟಂಗಿಲ್ಲ. ಪಟ್ಟಿ ಹೊಡಿಯೋರು ಅಷ್ಟರಾಗೇ ಬರ್ತಾರ, ನೋಡಿಕೊ. ನೀ ಹಾಕು. ನಿನಗೇನ್ ಸೂತಕ, ನೀ ನಮ್ಮ ಪೈಕಿ ಅಲ್ಲಲ್ಲ."

ಇಷ್ಟು ವರ್ಷ ಯಾವ ಮಾತಿಗೆ ನನ್ನನ್ನು ಕಟ್ಟೆಯ ಆಚೆ ನಿಲ್ಲಿಸಿದ್ದರೋ ಅದೇ ಮಾತಿಗೆ ಈಗ ಬಟ್ಟಲು ನನ್ನ ಕೈಗೆ ಬರಲಿತ್ತು. ನಾನು ಹೂಂ ಎಂದೆ. ಜೋಡಿ ಎಳಿ, ನೆನಪಿರಲಿ ಎಂದರು. ಕಣ್ಣು ಮುಚ್ಚಿಕೊಂಡರು, ಮಾತು ಮುಗಿಯಿತು ಎಂಬಂತೆ.

ಆ ವಾರದಲ್ಲೇ ಹೋದರು. ಸೊಸೆ ಶಾಲೆಗೆ ಫೋನ್ ಮಾಡಿ ತಿಳಿಸಿದರು. ಓಡಿ ಬಂದು ಮುಖ ನೋಡಿದೆ. ಮರುದಿನ ನಸುಕಿನಲ್ಲೇ ಆ ರಸ್ತೆಗೆ ಹೋದೆ. ಬಾಗಿಲಿಗೆ ನೀರು ಬಿದ್ದಿರಲಿಲ್ಲ. ರಸ್ತೆಯಂಚಿನ ಎಳೆಗಳು ಹಿಂದಿನ ದಿನ ಬಂದುಹೋದ ಜನರ ಕಾಲಿಗೆ ಸಿಕ್ಕಿ ಅಳಿಸಿದ್ದವು, ಅವುಗಳ ಮೇಲೆ ಬಟ್ಟೆ ಅಂಗಡಿಯವರ ಕಾರು ಆಗಲೇ ಅರ್ಧ ಬಂದು ನಿಂತಿತ್ತು. ಸೊಸೆ ಬಾಗಿಲಲ್ಲಿ ಕಾಯುತ್ತಿದ್ದರು. ಹತ್ತಿರ ಬರದೆ, ಕಟ್ಟೆಯ ಮೇಲಿನ ಗೂಡಿನ ಕಡೆ ಕೈ ತೋರಿಸಿದರು. ಮನೆಯವರು ಮುಟ್ಟುವಂತಿಲ್ಲವೆಂದು ಬಾಯಿಯವರು ಮೊದಲೇ ಹೇಳಿ ಬಟ್ಟಲನ್ನು ಹೊರಗೆ ಇಡಿಸಿದ್ದರಂತೆ, ನೀವೇ ತಗೋರಿ ಎಂದರು.

ತೆಗೆದುಕೊಂಡೆ. ಹಿತ್ತಾಳೆ ತಣ್ಣಗಿತ್ತು, ಅಂಚು ಅವರ ಬೆರಳಿಗೆ ಸವೆದಿತ್ತು. ಕಾರು ಇಲ್ಲದ ಕಡೆಯಿಂದ ಶುರುಮಾಡಿದೆ. ಬೆರಳ ಸಂದಿಯಿಂದ ಪುಡಿ ಒಮ್ಮೆ ಹೆಚ್ಚು ಬಿತ್ತು, ಒಮ್ಮೆ ಬೀಳಲೇ ಇಲ್ಲ. ಮೂರನೆಯ ಮನೆಗೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಕೈ ನಡುಗಿತು, ಎಳೆ ಎರಡೂ ಸೊಟ್ಟಗಾದವು. ನನಗೆ ಸೂತಕವಿಲ್ಲ ಎಂದಿದ್ದರಲ್ಲ ಬಾಯಿಯವರು. ಅವರ ಲೆಕ್ಕ ತಪ್ಪಿದ್ದು ಅದೊಂದೇ ಕಡೆ. ಹಿಂದಿನ ದಿನದಿಂದ ನನ್ನ ಮನೆಯಲ್ಲೂ ಒಲೆ ಹೊತ್ತಿರಲಿಲ್ಲ.

ತಲೆಯೆತ್ತಿದಾಗ ಬಟ್ಟೆ ಅಂಗಡಿಯವರು ಎದುರಿಗೆ ನಿಂತಿದ್ದರು. ಅವರ ತಾಯಿ ಹೋಗಿಯೂ ವರ್ಷಗಳಾಗಿದ್ದವು. ನನ್ನ ಕೈಯಲ್ಲಿದ್ದ ಬಟ್ಟಲನ್ನು, ರಸ್ತೆಯನ್ನು ನೋಡಿದರು. ದಿನಾ ನೀವೇ ಹಾಕುತ್ತೀರೇನು ಎಂದು ಕೇಳಿದರು. ಹೌದೆಂದೆ. ಕಾರು ಹತ್ತಿ ಹಿಂದಕ್ಕೆ ತೆಗೆದರು. ಉಳಿದ ಎಳೆಗಳನ್ನು ಅಲ್ಲಿ ಎಳೆದೆ.

ಪಟ್ಟಿ ಹೊಡೆಯುವವರು ಬಾಯಿಯವರು ಹೇಳಿದಂತೆ ಸೂತಕದ ದಿನಗಳಲ್ಲೇ ಬಂದರು. ಅಷ್ಟು ದಿನವಾದರೂ ನನ್ನ ಕೈ ಪಳಗಿರಲಿಲ್ಲ. ಅದರಲ್ಲೂ ಮೂರನೆಯ ಮನೆಗೆ ಬಂದರೆ ಆ ಮೊದಲ ಬೆಳಿಗ್ಗೆ ನೆನಪಾಗಿ ಎಳೆ ದಿನವೂ ಅಲ್ಲೇ ಸೊಟ್ಟಗಾಗುತ್ತಿತ್ತು. ಪೇಂಟಿನವರು ಬಂದಾಗ ನಾನು ಶಾಲೆಯಲ್ಲಿದ್ದೆ. ಸಂಜೆ ಬಸ್ಸಿಳಿದವಳು ಸ್ಕೂಟಿ ತೆಗೆದುಕೊಂಡು ಆ ರಸ್ತೆಗೆ ಬಂದು ನಿಂತೆ. ಊರೆಲ್ಲ ಒಂದೊಂದೇ ಪಟ್ಟಿ. ಬಾಯಿಯವರ ಮನೆಯ ಮುಂದೆ ಮಾತ್ರ ಜೋಡಿ ಪಟ್ಟಿ. ಪೇಂಟಿನವರು ಅಳೆಯುವ ಗೋಜಿಗೇ ಹೋಗದೆ ರಂಗೋಲಿಯ ಮೇಲೇ ಬ್ರಷ್ ಎಳೆದಿದ್ದರು. ನಡುವೆ ಸೈಕಲ್ಲಿನ ಚಿತ್ರ, ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಮೂರನೆಯ ಜೋಡಿ, ನನ್ನ ಕೈ ನಡುಗಿದಲ್ಲೆಲ್ಲ ನಡುಗಿತ್ತು.

ಕಟ್ಟೆಯ ಮೇಲೆ ಯಜಮಾನರು ಒಬ್ಬರೇ ಕೂತಿದ್ದರು, ಬಾಯಿಯವರು ಕೂರುತ್ತಿದ್ದ ಜಾಗದಲ್ಲಿ.

"ಮೂರನೇದು ಸೊಟ್ಟ ಆಗ್ಯಾದ, ಅಲ್ಲೇನವ್ವ?" ಎಂದರು.

ನನ್ನ ಕೈ ಎಂದೆ.

"ಇರಲಿ. ಆಕಿ ಇದ್ದಿದ್ರ ಅಳಸಿ ಮತ್ತ ಹಾಕಸ್ತಿದ್ಳು. ಈಗ ಅಳಸಲಿಕ್ಕೆ ಬರಂಗಿಲ್ಲ."

ಹೇಳಿ ಅವರು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ನಾನೂ ಕೆಳಗೆ ನೋಡಿದೆ. ನನ್ನ ಸ್ಕೂಟಿಯ ಮುಂದಿನ ಚಕ್ರ ಆ ಸೊಟ್ಟ ಎಳೆಯ ಮೇಲೇ ನಿಂತಿತ್ತು. ಬೈಸಿಕೊಳ್ಳುವ ಮೊದಲೇ ಅದನ್ನು ಹಿಂದಕ್ಕೆ ಎಳೆದುಕೊಂಡೆ.